ಚಳಿಗಾಲದ ಕತ್ತಲೆಯೂ ಜನರೇಟರಿನ ಹೊಗೆಯೂ

ಯಂತ್ರವು ಮನುಷ್ಯನ ಸೇವಕನೆಂದು ಹೇಳುವದು ವಾಡಿಕೆಯಾಗಿದೆ. ಸೇವಕನ ಗುಣಾವಗುಣಗಳನ್ನು ವಿಚಾರಿಸದೆ ಅವನನ್ನು ಮಲಗುವ ಕೋಣೆಯ ವರೆಗೆ ಬಿಟ್ಟುಕೊಂಡ ಯಜಮಾನನ ಗತಿ ಏನಾಗುವದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಬ್ಬರು ಹಿಡಿದೆತ್ತಿ ಬೇಕಾದಲ್ಲಿಗೆ ಒಯ್ಯಬಹುದಾದ, ಹಗ್ಗ ಜಗ್ಗಿದೊಡನೆ ಗುಡುಗುಟ್ಟಿ ಬೆಳಕು ಕೊಡುವ ಸಣ್ಣ ಜನರೇಟರು ನಮ್ಮ ಹಳ್ಳಿಗಳನ್ನು ಹೊಕ್ಕು ಬಹಳ ವರ್ಷಗಳಾದವು. ಅದರ ಬೆಳಕನ್ನು ನಾವು ಬೇಗನೆ ಸ್ವೀಕರಿಸಿದೆವು. ಅದು ಬೇಡುವ ಶಿಸ್ತನ್ನು ಮಾತ್ರ ಇನ್ನೂ ಸ್ವೀಕರಿಸಿಲ್ಲ. ಚಳಿಗಾಲವು ಈ ಕೊರತೆಯು ಪ್ರಾಣಕ್ಕೆ ಎರವಾಗುವ ಕಾಲ. ಆದುದರಿಂದ ಈ ಪ್ರಶ್ನೆಯನ್ನು ವಾಚಕರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಧಾರವಾಡ ಜಿಲ್ಹೆಯ ಕುಂದಗೋಳ ತಾಲೂಕಿನ ಕುಬಿಹಾಳದಂಥ ಒಂದು ಊರನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಸೀಮೆಯೆಲ್ಲ ಎರೆಯ ಭೂಮಿ. ಮುಂಗಾರಿಯ ಹತ್ತಿ-ಮೆಣಸಿನಕಾಯಿಗಳು ಮನೆಗೆ ಬರುವ, ಹಿಂಗಾರಿಯ ಕಡಲೆ-ಬಿಳಿಜೋಳಗಳು ಹೊಲದಲ್ಲಿ ನಿಂತಿರುವ ದಿನಗಳಲ್ಲಿಯೇ ಥಂಡಿಯೂ ಬರುವದು. ದೀಪಾವಳಿಯಿಂದ ಸಂಕ್ರಾಂತಿಯ ವರೆಗಿನ ಈ ಕಾಲವು ಕತ್ತಲೆ ಬೇಗ ಆಗುವ ಕಾಲ. ಅದರಂತೆ ಗುಡಿಗಳ ಕಾರ್ತಿಕ, ಲಗ್ನ-ಮುಂಜಿವೆ, ರಾತ್ರಿಯ ಬಯಲಾಟ, ಭಜನೆಗಳ ಕಾಲವೂ ಅಹುದು. ಅಂದರೆ ಬೆಳಕಿನ ಅವಶ್ಯಕತೆಯು ಹೆಚ್ಚಿರುವ ವೇಳೆಯಲ್ಲಿಯೇ ಮನೆಗಳ ಕದಗಳು ಬೇಗನೆ ಮುಚ್ಚುವವು. ಈ ಎರಡು ಸಂಗತಿಗಳ ನಡುವೆ ಜನರೇಟರು ಬಂದು ಕೂತಿದೆ. ಅದು ಮಂಟಪದ ಬದಿಯಲ್ಲಿ ಇರುವದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುವದು. ಅನುಕೂಲಸ್ಥರ ಮನೆಯ ಪಡಸಾಲೆಯ ಮೂಲೆಯಲ್ಲಿಯೂ ಇರುವದು.

ಇದು ಯಾಕೆ ಬಂತೆಂಬುದನ್ನು ವಿಚಾರಿಸದೆ ಜನರನ್ನಷ್ಟೇ ದೂಷಿಸುವದು ನ್ಯಾಯವಲ್ಲ. ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ ಕನ್ನಡನಾಡು ಹಿಂದುಳಿದುದಲ್ಲ. ಶಿವನಸಮುದ್ರದ ಶಕ್ತಿಯು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನಮ್ಮ ಕಾಲದಲ್ಲಿ ಪಾವಗಡದ ಸೌರ ಸ್ಥಾವರದ ಸಾಮರ್ಥ್ಯವೊಂದೇ 2,050 ಮೆಗಾವ್ಯಾಟ್. ಹೀಗಿದ್ದೂ 2023ರ ಬರಗಾಲದಲ್ಲಿ ಸರಕಾರವು ವಿದ್ಯುತ್ ಕಾಯ್ದೆಯ 11ನೆಯ ಕಲಮನ್ನು ಚಲಾಯಿಸಿ, ರಾಜ್ಯದಲ್ಲಿಯ ಖಾಸಗಿ ಉತ್ಪಾದಕರು ತಮ್ಮ ಶಕ್ತಿಯನ್ನು ರಾಜ್ಯಕ್ಕೇ ಕೊಡಬೇಕೆಂದು ಅಪ್ಪಣೆ ಮಾಡಬೇಕಾಯಿತು. ಪಂಪಸೆಟ್ಟುಗಳಿಗೆ ದಿನಕ್ಕೆ 7 ತಾಸು ಮೂರು ಫೇಜಿನ ಕರೆಂಟು ಎಂಬ ವಾಗ್ದಾನವನ್ನು ನಡೆಯಿಸುವದೇ ಆಗ ದುಸ್ತರವಾಯಿತು. ಅದೇ ವರ್ಷದ ಆಗಸ್ಟದಿಂದ ಗೃಹಜ್ಯೋತಿ ಯೋಜನೆಯ ಮೇರೆಗೆ 200 ಯುನಿಟ್ಟುಗಳ ಮಿತಿಯೊಳಗೆ ಮನೆಗಳಿಗೆ ಬಿಲ್ಲು ಶೂನ್ಯವಾಯಿತು. ಬಿಲ್ಲು ಇಲ್ಲದಿರುವದು ಬಡವನಿಗೆ ಉಪಕಾರವೇ ಸರಿ. ಆದರೆ ದೀಪವು ಬೇಕಾದ ಗಳಿಗೆಯಲ್ಲಿ ಉರಿಯುವದೆಂಬ ಭರವಸೆಯು ಅದಕ್ಕಿಂತ ದೊಡ್ಡ ಉಪಕಾರ. ಆ ಭರವಸೆ ಇಲ್ಲದಲ್ಲಿ ಜನರು ಜನರೇಟರು ಕೊಳ್ಳುವರು, ಇಲ್ಲವೆ ಬಾಡಿಗೆಗೆ ತರುವರು. ಅದು ಅವರ ತಪ್ಪಲ್ಲ. ತಂದ ಮೇಲೆ ಅದನ್ನು ಎಲ್ಲಿ ಇಡುವರು, ಹೇಗೆ ಜೋಡಿಸುವರು ಎಂಬುದೇ ನಮ್ಮ ಪ್ರಶ್ನೆ.

“ನಮ್ಮಲ್ಲಿ ಚಳಿಯಾದರೂ ಎಷ್ಟು? ಇದೇನು ಕಾಶ್ಮೀರವೇ?” ಎಂದು ಕೇಳುವವರಿದ್ದಾರೆ. ನಿಜವಾದ ಹಿಮದ ಕಠೋರತೆಯನ್ನು ಕುಂದಗೋಳ ತಾಲೂಕಿನವರಿಗೆ ಪರಕೀಯರು ಬಂದು ತಿಳಿಸಬೇಕಾಗಿಲ್ಲ. ಇದೇ ತಾಲೂಕಿನ ಬೆಟದೂರಿನ ವೀರಯೋಧ ಹನಮಂತಪ್ಪ ಕೊಪ್ಪದರು 2016ರ ಫೆಬ್ರುವರಿ 3ರಂದು ಸಿಯಾಚಿನ್‌ದಲ್ಲಿ ಹಿಮದ ಕೆಳಗೆ ಹೂತುಹೋಗಿ, ಆರು ದಿನಗಳಾದ ಮೇಲೆ ಜೀವಸಹಿತ ದೊರೆತು, 11ರಂದು ದಿಲ್ಲಿಯಲ್ಲಿ ಕೊನೆಯುಸಿರೆಳೆದುದನ್ನು ನಾಡು ಮರೆತಿಲ್ಲ. ಅಂಥ ಪ್ರದೇಶಗಳಲ್ಲಿ ಚಳಿಯು ಯಂತ್ರದ ಮೇಲೆಯೇ ಬೀಳುವದು. ಡಿಝೆಲಿನಲ್ಲಿರುವ ಮೇಣದ ಅಂಶವು ಹೆಪ್ಪುಗಟ್ಟಿ ನಳಿಗೆಗಳು ಕಟ್ಟಿಹೋಗುವವು. ಬ್ಯಾಟರಿಯ ಶಕ್ತಿ ಇಳಿಯುವದು. ಈ ಕಾರಣದಿಂದಲೇ 2019ರ ನವೆಂಬರದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಲಡಾಖಿಗಾಗಿ ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ಬೇರೆ ಡಿಝೆಲನ್ನು ಹೊರತಂದಿತು.

ಕುಬಿಹಾಳದಲ್ಲಿ ಡಿಝೆಲು ಹೆಪ್ಪುಗಟ್ಟುವದಿಲ್ಲ. ಅಲ್ಲಿಯ ರಾತ್ರಿಯ ಉಷ್ಣಮಾನವು 15 ಡಿಗ್ರಿಯ ಆಚೀಚೆಗೆ ಇಳಿದರೂ ಯಂತ್ರಕ್ಕೆ ಅಷ್ಟರಿಂದ ದೊಡ್ಡ ಬಾಧೆಯಿಲ್ಲ. ಎಣ್ಣೆ ಸ್ವಲ್ಪ ದಪ್ಪಗಾಗುವದು, ಹಗ್ಗವನ್ನು ಎರಡು ಸಲ ಹೆಚ್ಚು ಜಗ್ಗಬೇಕಾಗುವದು, ಅಷ್ಟೇ. ಲಡಾಖದಲ್ಲಿ ಚಳಿಯು ಯಂತ್ರವನ್ನು ಕೆಡಿಸುವದು. ನಮ್ಮಲ್ಲಿ ಅದು ಯಂತ್ರ ನಡೆಯಿಸುವವನ ಬುದ್ಧಿಯನ್ನು ಕೆಡಿಸುವದು. ಗಾಳಿ ಬಾರದಿರಲೆಂದು ಅವನು ಕದ ಮುಚ್ಚುವನು, ಕಿಟಕಿಗೆ ಚೀಲ ತುರುಕುವನು, ಮಂಜಿನಲ್ಲಿ ನೆನೆಯದಿರಲೆಂದು ಯಂತ್ರವನ್ನು ಒಳಗೆ ಎಳೆದುಕೊಳ್ಳುವನು. ಲಡಾಖದ ಚಳಿಗೆ ಬೇರೆ ಎಣ್ಣೆ ಉಂಟು. ನಮ್ಮ ಚಳಿಗೆ ತಿಳಿವಳಿಕೆಯೊಂದೇ ಉಪಾಯ.

ಯಂತ್ರದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವದಿಲ್ಲ, ಕೆಮ್ಮು ಬರುವದಿಲ್ಲ. ಕಟ್ಟಿಗೆಯ ಹೊಗೆಯಾದರೆ ಮನುಷ್ಯನನ್ನು ಹೊರಗೆ ಓಡಿಸುವದು. ಇದು ಅವನನ್ನು ಮಲಗಿದಲ್ಲಿಯೇ ಇಡುವದು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕಣಗಳು ಈ ವಾಯುವನ್ನು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವದರಿಂದ, ಉಸಿರು ಆಡುತ್ತಿದ್ದಂತೆಯೇ ದೇಹವು ಉಸಿರುಗಟ್ಟುವದು. ಮೊದಲು ತಲೆನೋವು, ಬಳಿಕ ತಲೆತಿರುಗು, ಓಕರಿಕೆ, ಕೈಕಾಲುಗಳಲ್ಲಿ ನಿತ್ರಾಣ. ಎಚ್ಚರಿದ್ದವನು ಇದನ್ನು ಪಿತ್ತವೆಂದು ತಿಳಿದು ಸುಮ್ಮನಾಗುವನು. ನಿದ್ರಿಸುತ್ತಿರುವವನಿಗೆ ಈ ಸೂಚನೆಯೂ ಸಿಕ್ಕುವದಿಲ್ಲ. ಚಳಿಯಲ್ಲಿ ಯಂತ್ರವನ್ನು ಚಾಲೂ ಮಾಡುವಾಗ ಚೋಕ್ ಎಳೆಯಬೇಕಾಗುವದಷ್ಟೆ. ಚೋಕ್ ಎಳೆದಾಗ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಇಂಧನವು ಅರೆಬೆಂದು ಈ ವಿಷವಾಯುವು ಬಹಳವಾಗಿ ಹೊರಬೀಳುವದು. ಅಂದರೆ ಕದಗಳು ಮುಚ್ಚಿರುವ ಋತುವಿನಲ್ಲಿಯೇ ಹೊಗೆಯ ವಿಷವೂ ಹೆಚ್ಚು.

ಇದು ಕೇವಲ ಪುಸ್ತಕದ ಮಾತಲ್ಲ. 2025ರ ನವೆಂಬರದಲ್ಲಿ ನಮ್ಮ ನೆರೆಯ ಬೆಳಗಾವಿಯಲ್ಲಿ ಚಳಿಗಾಗಿ ಇದ್ದಿಲು ಹೊತ್ತಿಸಿಕೊಂಡು ಕೋಣೆಯ ಬಾಗಿಲು ಹಾಕಿ ಮಲಗಿದ ತರುಣರಲ್ಲಿ ಮೂವರು ಮತ್ತೆ ಏಳಲಿಲ್ಲ. ಅಲ್ಲಿದ್ದುದು ಇದ್ದಿಲು, ಜನರೇಟರಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಎರಡರ ವಿಷವೂ ಒಂದೇ. ಒಂದು ಸಣ್ಣ ಜನರೇಟರು ನೂರಾರು ಮೋಟಾರು ಗಾಡಿಗಳಷ್ಟು ಈ ವಾಯುವನ್ನು ಉಗುಳಬಲ್ಲದೆಂದು ಅಮೇರಿಕೆಯ ಗ್ರಾಹಕ ಸುರಕ್ಷತಾ ಆಯೋಗವು ಎಚ್ಚರಿಸಿದೆ. ಆ ದೇಶದ ಟೆಕ್ಸಾಸ್ ಪ್ರಾಂತವೂ ನಮ್ಮಂತೆಯೇ ಬಿಸಿಲಿಗೆ ಹೊಂದಿಕೊಂಡ ಸೀಮೆ. ಅಲ್ಲಿಯ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಪಟ್ಟಣಗಳಲ್ಲಿ ಕನ್ನಡದ ಅನೇಕ ಕುಟುಂಬಗಳು ನೆಲೆಸಿವೆ. 2021ರ ಫೆಬ್ರುವರಿಯಲ್ಲಿ ಅನಿರೀಕ್ಷಿತವಾದ ಹಿಮಗಾಳಿ ಬೀಸಿ 45 ಲಕ್ಷದಷ್ಟು ಮನೆ-ಅಂಗಡಿಗಳ ವಿದ್ಯುತ್ತು ನಿಂತುಹೋಯಿತು. ಸರಕಾರಿ ಲೆಕ್ಕದಂತೆ ಸತ್ತವರು 246 ಜನ. ಅವರಲ್ಲಿ ಕೆಲವರನ್ನು ಕೊಂದುದು ಚಳಿಯಲ್ಲ. ಚಳಿಗೆ ಅಂಜಿ ಮನೆಯೊಳಗೆ, ಪಡಸಾಲೆಯಲ್ಲಿ, ಗಾಡಿ ನಿಲ್ಲಿಸುವ ಕೋಣೆಯಲ್ಲಿ ಹಚ್ಚಿದ ಯಂತ್ರಗಳ ಮತ್ತು ಇದ್ದಿಲೊಲೆಗಳ ಹೊಗೆ. ಸಂಪತ್ತಿಗೂ ವಿದ್ಯೆಗೂ ಕೊರತೆಯಿಲ್ಲದ ದೇಶದಲ್ಲಿಯೇ ಹೀಗಾಯಿತೆಂದ ಮೇಲೆ, ಅಭ್ಯಾಸವಿಲ್ಲದ ಚಳಿ ಬಂದಾಗ ಮನುಷ್ಯನು ಎಲ್ಲಿಯಾದರೂ ಒಂದೇ ತಪ್ಪನ್ನು ಮಾಡುವನೆಂದು ತಿಳಿಯಬೇಕು.

ಆದುದರಿಂದ ಮೊದಲನೆಯ ನಿಯಮವು ಒಂದೇ ಮಾತಿನದು: ಜನರೇಟರು ಮನೆಯ ಹೊರಗೆ. ಹೊರಗೆಂದರೆ ಪಡಸಾಲೆಯಲ್ಲ, ಕಟ್ಟೆಯಲ್ಲ, ದನದ ಕೊಟ್ಟಿಗೆಯಲ್ಲ, ಕಿಟಕಿಯ ಕೆಳಗೂ ಅಲ್ಲ. ಮನೆಯ ಕದ-ಕಿಟಕಿಗಳಿಂದ ಕನಿಷ್ಠ 20 ಫೂಟು ದೂರ, ಹೊಗೆಯ ನಳಿಗೆಯು ಮನೆಗೂ ನೆರೆಯವರ ಮನೆಗೂ ಬೆನ್ನು ಮಾಡಿರಬೇಕು. ಕಿಟಕಿ ತೆರೆದಿದ್ದೇವೆ, ಪಂಖಾ ಹಚ್ಚಿದ್ದೇವೆ ಎಂಬ ಸಮಾಧಾನವು ಸಾಲದು. ಯಂತ್ರವನ್ನು ಹೊರಗಿಟ್ಟರೆ ಕಳವಾಗುವದೆಂಬ ಅಂಜಿಕೆಯನ್ನು ನಾವು ಬಲ್ಲೆವು, ಅದು ಸುಳ್ಳಲ್ಲ. ಅದಕ್ಕೆ ಊರ ಕಮ್ಮಾರನ ಕೈಯಲ್ಲಿ ಪರಿಹಾರವಿದೆ: ನಾಲ್ಕೂ ಕಡೆಗೆ ಗಾಳಿಯಾಡುವ ಕಬ್ಬಿಣದ ಜಾಳಿಗೆಯ ಗೂಡು, ಮೇಲೆ ತಗಡು, ನೆಲಕ್ಕೆ ಬಿಗಿದ ಸರಪಳಿ, ಒಂದು ಕೀಲಿ. ತಗಡು ಮಂಜನ್ನೂ ಅಕಾಲದ ಮಳೆಯನ್ನೂ ತಡೆಯುವದು. ಜಾಳಿಗೆಯು ಹೊಗೆಯನ್ನು ಬಿಡುವದು. ಒಂದು ಮನೆಯಲ್ಲಿ ಇಬ್ಬರು ಮೂವರಿಗೆ ಒಮ್ಮೆಲೇ ತಲೆನೋವು ಬಂದರೆ ಔಷಧಿ ಹುಡುಕುತ್ತ ಕೂಡದೆ ಎಲ್ಲರೂ ಬಯಲಿಗೆ ಬರಬೇಕು, ಯಂತ್ರವನ್ನು ನಿಲ್ಲಿಸಬೇಕು, ಎಚ್ಚರದಪ್ಪಿದವರಿದ್ದರೆ 108ಕ್ಕೆ ಕರೆ ಮಾಡಿ ದವಾಖಾನೆಗೆ ಸಾಗಿಸಿ, ಹೊಗೆಯ ಸಂಶಯವಿದೆಯೆಂದು ಡಾಕ್ಟರರಿಗೆ ಸ್ಪಷ್ಟವಾಗಿ ಹೇಳಬೇಕು. ಪ್ರಾಣವಾಯುವನ್ನು ಕೊಡುವದೇ ಇದಕ್ಕೆ ಮುಖ್ಯ ಚಿಕಿತ್ಸೆ.

ಎರಡನೆಯ ಅಪಾಯವು ಯಂತ್ರದ ಒಡೆಯನಿಗಲ್ಲ, ಪರರಿಗೆ. ಆದುದರಿಂದ ಅದು ಹೆಚ್ಚು ಗಂಭೀರವಾದುದು. ಮನೆಯ ಗೋಡೆಯಲ್ಲಿಯ ಪ್ಲಗ್ಗಿಗೆ ಜನರೇಟರಿನ ತಂತಿಯನ್ನು ಚುಚ್ಚಿ ಇಡೀ ಮನೆಗೆ ಬೆಳಕು ಮಾಡಿಕೊಳ್ಳುವ ಜಾಣ್ಮೆಯೊಂದು ಬಳಕೆಯಲ್ಲಿದೆ. ಹಾಗೆ ಮಾಡಿದಾಗ ಮನೆಯ ಶಕ್ತಿಯು ಮೀಟರಿನ ಹೊರಗೆ, ಕಂಬದ ಮೇಲೆ ಹರಿಯಬಲ್ಲದು. ಟ್ರಾನ್ಸಫಾರ್ಮರಿಗೆ ಹಿಂದು-ಮುಂದಿನ ಭೇದವಿಲ್ಲ. 11,000 ವೋಲ್ಟನ್ನು ಮನೆಗೆ ತಕ್ಕಂತೆ ಇಳಿಸುವ ಆ ಪೆಟ್ಟಿಗೆಯೇ, ಮನೆಯ ಕಡೆಯಿಂದ ಬಂದ ಶಕ್ತಿಯನ್ನು ಸಾವಿರಾರು ವೋಲ್ಟಿಗೆ ಏರಿಸಿ ಹೊಲದಲ್ಲಿಯ ತಂತಿಗೆ ಕೊಡುವದು. ಕರೆಂಟು ಹೋಗಿದೆಯೆಂಬ ನಂಬಿಗೆಯಿಂದಲೇ ಕಂಬವನ್ನೇರಿ ಆ ತಂತಿಗೆ ಕೈ ಹಚ್ಚುವವನು ಹೆಸ್ಕಾಂ ಕಂಪನಿಯ ಮಾರ್ಗದಾಳು. ನಟ್ಟಿರುಳಿನಲ್ಲಿ ಇಡೀ ಊರಿನ ಬೆಳಕಿಗಾಗಿ ಏಣಿ ಹತ್ತಿದವನನ್ನು ಊರವರಲ್ಲಿ ಒಬ್ಬನ ಮನೆಯ ದೀಪವು ಕೊಲ್ಲುವದಾದರೆ, ಅದನ್ನು ಅಪಘಾತವೆಂದು ಕರೆಯುವ ಧೈರ್ಯ ನಮಗಿಲ್ಲ. ಜನರೇಟರಿನಿಂದ ದೀಪ-ಪಂಖಾಗಳಿಗೆ ನೇರವಾಗಿ ಬೇರೆ ತಂತಿಯನ್ನು ಎಳೆಯುವದು ಒಂದು ದಾರಿ. ಇಡೀ ಮನೆಗೆ ಕೊಡಲೇಬೇಕೆಂದರೆ, ಕಂಬದ ಶಕ್ತಿ ಮತ್ತು ಯಂತ್ರದ ಶಕ್ತಿ ಇವು ಎಂದೂ ಒಂದಾಗದಂತೆ ತಡೆಯುವ ಚೇಂಜ್ಓವರ್ ಸ್ವಿಚ್ಚನ್ನು ಲಾಯಸೆನ್ಸ್ ಪಡೆದವನ ಕೈಯಿಂದ ಕೂಡಿಸತಕ್ಕದ್ದು. ಒಂದು ಜೀವದ ಎದುರಿಗೆ ಅದರ ಬೆಲೆ ಏನೇನೂ ಅಲ್ಲ.

ಉಳಿದ ನಿಯಮಗಳನ್ನು ಸಂಕ್ಷೇಪವಾಗಿ ಹೇಳುವೆವು. ಯಂತ್ರಕ್ಕೆ ಭೂಸಂಪರ್ಕ, ಅಂದರೆ ಅರ್ಥಿಂಗ್, ಬೇಕು. ನಮ್ಮ ಎರೆಯ ನೆಲವು ಹಸಿಯಿರುವಾಗ ಇದಕ್ಕೆ ಉತ್ತಮ. ಆದರೆ ಮಳೆ ನಿಂತ ಮೇಲೆ ಅದು ಒಣಗಿ ಬಿರಿಯುವದರಿಂದ ಹುಗಿದ ಸಲಾಕೆಗೂ ಮಣ್ಣಿಗೂ ನಡುವೆ ಸಂದು ಬೀಳುವದು. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗು ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೆಸರಿಗೆ ಮಾತ್ರ ಉಳಿದಿರಬಹುದು. ಕುಣಿಗೆ ಇದ್ದಿಲು-ಉಪ್ಪು ತುಂಬಿ ಆಗಾಗ ನೀರು ಹೊಯ್ಯುತ್ತಿರಬೇಕು. ಮುಂಜಾವಿನ ಇಬ್ಬನಿಯಿಂದ ತೊಯ್ದ ಪ್ಲಗ್ಗನ್ನು ಒರೆಸದೆ, ಹಸಿ ಕೈಯಿಂದ ಮುಟ್ಟಬಾರದು. ಚಾಲೂ ಮಾಡಿದ ಮೇಲೆ ಐದಾರು ಮಿನಿಟು ಯಾವ ಭಾರವನ್ನೂ ಹೊರಿಸದೆ ಬಿಟ್ಟರೆ ದಪ್ಪಗಾದ ಎಣ್ಣೆಯು ಕಾಯ್ದು ಎಲ್ಲ ಕಡೆಗೂ ಹರಿಯುವದು. ಬಳಿಕ ಚೋಕ್ ಒತ್ತಿ, ದೀಪಗಳನ್ನು ಒಂದೊಂದಾಗಿ ಹಚ್ಚಬೇಕು. ಪೆಟ್ರೋಲು ಹಾಕುವದು ಯಂತ್ರವನ್ನು ನಿಲ್ಲಿಸಿ, ಅದು ತಣ್ಣಗಾದ ಮೇಲೆಯೇ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿಯುವದು. ಕಾರ್ತಿಕದ ಹಣತೆಗಳ ಸಾಲಿನ ಬಳಿಯಲ್ಲಿ ಡಬ್ಬಿ ಬಿಚ್ಚುವವನು ಇದನ್ನು ನೆನೆಯಬೇಕು. ಪೆಟ್ರೋಲಿನಲ್ಲಿ ಎಥನಾಲು ಶೇಕಡಾ 20ರ ವರೆಗೆ ಬೆರೆತಿರುವ ಕಾಲವಿದು. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ಆದುದರಿಂದ ದಸರೆಗೆ ತುಂಬಿಟ್ಟ ಪೆಟ್ರೋಲನ್ನು ಸಂಕ್ರಾಂತಿಗೆ ನಂಬುವದು ಸರಿಯಲ್ಲ.

ಇನ್ನು ಅಧಿಕಾರಿಗಳಿಗೆ ಕೆಲವು ಮಾತುಗಳು. ಹತ್ತು ಕಿಲೋವ್ಯಾಟ್ ಮೀರಿದ ಜನರೇಟರನ್ನು ವಿದ್ಯುತ್ ಪರೀಕ್ಷಕರ ಲಿಖಿತ ಒಪ್ಪಿಗೆಯಿಲ್ಲದೆ ಚಾಲೂ ಮಾಡಕೂಡದೆಂಬುದು 2010ರ ಕೇಂದ್ರ ನಿಯಮಾವಳಿಯಲ್ಲಿಯೇ ಇದ್ದಿತು. ದೊಡ್ಡ ಯಂತ್ರಕ್ಕೆ ಪರೀಕ್ಷಕನು ಬರುವನು. ಎರಡು ಮೂರು ಕಿಲೋವ್ಯಾಟಿನ ಸಣ್ಣ ಯಂತ್ರವು ಅಂಗಡಿಯಿಂದ ನೇರವಾಗಿ ಪಡಸಾಲೆಗೆ ಬರುವದು, ಅದನ್ನು ಕೇಳುವವರಿಲ್ಲ. ಆದರೆ ಉಸಿರು ಕಟ್ಟಿಸುವದಕ್ಕೆ ಸಣ್ಣ ಯಂತ್ರವೇ ಸಾಕು. ಮನೆಮನೆಗೆ ಪರೀಕ್ಷಕರನ್ನು ಕಳಿಸಿರೆಂದು ನಾವು ಕೇಳುವದಿಲ್ಲ. ಅಂಥ ಕಾಯ್ದೆಯು ಲಂಚಕ್ಕೆ ಇನ್ನೊಂದು ಬಾಗಿಲಾದೀತು. ಈಗಿರುವ ವ್ಯವಸ್ಥೆಯಿಂದಲೇ ಮಾಡಬಹುದಾದುದು ಬಹಳವಿದೆ. ಮೀಟರು ಓದುವವನು ತಿಂಗಳಿಗೊಮ್ಮೆ ಪ್ರತಿ ಮನೆಯ ಬಾಗಿಲಿಗೆ ಬರುವನು. ಜನರೇಟರಿದ್ದು ಚೇಂಜ್ಓವರ್ ಸ್ವಿಚ್ಚು ಇಲ್ಲದ ಮನೆಯನ್ನು ಅವನು ಗುರುತಿಸಿ ಕಚೇರಿಗೆ ತಿಳಿಸಬಹುದು. ಧ್ವನಿವರ್ಧಕ ಹಚ್ಚುವದಕ್ಕೆ ಪೋಲೀಸರ ಪರವಾನಿಗೆ ಬೇಕೇ ಬೇಕು. ಜನರೇಟರನ್ನು ಜನರಿಂದಲೂ ದೀಪಗಳಿಂದಲೂ ಇಂತಿಷ್ಟು ದೂರ ಇಡತಕ್ಕದ್ದೆಂಬ ಒಂದು ಸಾಲನ್ನು ಅದೇ ಕಾಗದದಲ್ಲಿ ಸೇರಿಸುವದಕ್ಕೆ ಯಾವ ಖರ್ಚೂ ಇಲ್ಲ. ಬಾಡಿಗೆಗೆ ಯಂತ್ರ ಕೊಡುವವರ ಹೆಸರನ್ನು ಗ್ರಾಮ ಪಂಚಾಯತಿಯು ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ದೀಪಾವಳಿಯ ಮುಂಚೆ ಅವರನ್ನು ಕರೆಯಿಸಿ ನಿಯಮಗಳನ್ನು ತಿಳಿಸಬಹುದು. ಮಾರ್ಗದಾಳುಗಳಿಗೆ ಕೈಗವಸು, ತಂತಿಯಲ್ಲಿ ಶಕ್ತಿಯಿದೆಯೋ ಇಲ್ಲವೋ ಎಂಬುದನ್ನು ತೋರಿಸುವ ಸಾಧನ, ತಂತಿಯನ್ನು ನೆಲಕ್ಕೆ ಜೋಡಿಸುವ ಸಲಾಕೆ ಇವು ಕಾಗದದ ಮೇಲಲ್ಲ, ಕೈಯಲ್ಲಿ ಇರುವಂತೆ ಕಂಪನಿಯು ನೋಡಿಕೊಳ್ಳತಕ್ಕದ್ದು. ಕರೆಂಟು ತೆಗೆಯುವ ವೇಳೆಯನ್ನು ಮುಂಚಿತವಾಗಿ ಸಾರಿದರೆ, 1912ಕ್ಕೆ ಬಂದ ದೂರಿಗೆ ನಿಜವಾದ ಉತ್ತರವನ್ನು ಕೊಟ್ಟರೆ, ಅರ್ಧ ಯಂತ್ರಗಳು ಚಾಲೂ ಆಗುವ ಕಾರಣವೇ ಇರುವದಿಲ್ಲ.

ಇದರಲ್ಲಿ ಕನ್ನಡದ ಪ್ರಶ್ನೆಯೂ ಅಡಕವಾಗಿದೆ. ಯಂತ್ರದ ಮೈಗೆ ಅಂಟಿಸಿದ ಎಚ್ಚರಿಕೆಯ ಚೀಟಿಯು ಸಾಮಾನ್ಯವಾಗಿ ಇಂಗ್ಲೀಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ ಇರುವದು. ಯಂತ್ರವನ್ನು ಕನ್ನಡದಲ್ಲಿ ಹೊಗಳಿ ಮಾರುವ ವ್ಯಾಪಾರಿಯು ಅದರ ಅಪಾಯವನ್ನು ಇಂಗ್ಲೀಷಿನಲ್ಲಿ ಬಚ್ಚಿಡುವದು ಯಾವ ನ್ಯಾಯ? ಕಿರ್ಲೋಸ್ಕರ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಹೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಯಂತ್ರವೆಂಬುದು ನಮ್ಮ ಸೀಮೆಗೆ ಅನ್ಯವಾದುದಲ್ಲ, ಯಂತ್ರದ ಮಾತು ಕನ್ನಡಕ್ಕೆ ಭಾರವಾದುದೂ ಅಲ್ಲ. “ಮನೆಯೊಳಗೆ ಹಚ್ಚಬೇಡಿರಿ, ಇದರ ಹೊಗೆ ಕಾಣದೆ ಕೊಲ್ಲುತ್ತದೆ” ಎಂಬ ಎರಡು ವಾಕ್ಯಗಳು ದೊಡ್ಡ ಕನ್ನಡ ಅಕ್ಷರಗಳಲ್ಲಿ ಪ್ರತಿಯೊಂದು ಯಂತ್ರದ ಮೇಲೆ ಇರಬೇಕೆಂದು ಸರಕಾರವು ವಿಧಿಸಲಿ. ಶಾಲೆಯ ಮಾಸ್ತರರು ಚಳಿಗಾಲದಲ್ಲಿ ಒಂದು ತಾಸಿನ ವಿಜ್ಞಾನಪಾಠವನ್ನು ಇದಕ್ಕೆ ಮೀಸಲಿಟ್ಟರೆ, ಆ ಮಕ್ಕಳು ರಾತ್ರಿ ಮನೆಯಲ್ಲಿ ತಂದೆತಾಯಿಗಳಿಗೆ ಗುರುಗಳಾಗುವರು.

ಕಟ್ಟಕಡೆಗೆ, ಜನರೇಟರು ತಾತ್ಕಾಲಿಕ ಉಪಾಯವೆಂಬುದನ್ನು ಮರೆಯಲಾಗದು. ನಾಲ್ಕು ದೀಪ, ಒಂದು ಪಂಖಾಗಳಿಗೆ ಬ್ಯಾಟರಿಯ ಇನ್ವರ್ಟರು ಸಾಕು. ಅದಕ್ಕೆ ಈ ಹೊಗೆಯಿಲ್ಲ. ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂಡಿಸುವದಕ್ಕೆ 2024ರಲ್ಲಿ ಕೇಂದ್ರ ಸರಕಾರವು ಸಹಾಯಧನದ ಯೋಜನೆಯನ್ನು ಸಾರಿತು. ವರ್ಷದ ಬಹುಭಾಗ ಬಿಸಿಲು ಕಾಣುವ ಧಾರವಾಡದ ಬಯಲುಸೀಮೆಗೆ ಇದಕ್ಕಿಂತ ತಕ್ಕ ದಾರಿ ಮತ್ತೊಂದಿಲ್ಲ. ಆದರೆ ಫಲಕವಿದ್ದ ಮಾತ್ರಕ್ಕೆ ರಾತ್ರಿಯ ದೀಪ ಉರಿಯದು. ಬ್ಯಾಟರಿಯೂ ಬೇಕೆಂಬುದನ್ನು ಕೊಳ್ಳುವವರು ಮೊದಲೇ ಕೇಳಿ ತಿಳಿದುಕೊಳ್ಳುವದು ಒಳ್ಳೆಯದು.

ಸ್ವರಾಜ್ಯವೆಂದರೆ ರಾಜಧಾನಿಯಲ್ಲಿ ನಮ್ಮವರು ಆಳುವದಷ್ಟೇ ಅಲ್ಲ. ನಮ್ಮ ಅಂಗಳದಲ್ಲಿಯ ಸಾಧನಗಳನ್ನು ನಾವು ಅರಿತು ಆಳುವದೂ ಸ್ವರಾಜ್ಯವೇ. ಸರಕಾರವು ತನ್ನ ಪಾಲಿನದನ್ನು ಮಾಡಲಿ. ಅದಕ್ಕಾಗಿ ಒತ್ತಾಯಿಸುವದನ್ನು ನಾವು ಬಿಡುವದಿಲ್ಲ. ಆದರೆ ಯಂತ್ರವನ್ನು 20 ಫೂಟು ಆಚೆಗೆ ಸರಿಸುವದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಕುಬಿಹಾಳದಿಂದ ಹಿಡಿದು ಕಲಘಟಗಿ, ನವಲಗುಂದ, ಅಣ್ಣಿಗೇರಿಗಳ ವರೆಗಿನ ಪ್ರತಿಯೊಂದು ಊರಿನ ಹಿರಿಯರು ಅಷ್ಟನ್ನು ತಮ್ಮ ಓಣಿಯಲ್ಲಿ ಮಾಡಿಸಲಿ. ಚಳಿಗೆ ಕದ ಮುಚ್ಚುವದು ಸಹಜ. ಮುಚ್ಚುವ ಮುಂಚೆ ಹೊಗೆಯನ್ನು ಹೊರಗೆ ಬಿಟ್ಟಿದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳುವದು ವಿವೇಕ.